ಒತ್ತಿದರೆ ಬಾಯಿ ಬಿಡುವ ಇಕ್ಕಳ

ಪ್ರಶ್ನೆ: ಆರು ತಿಂಗಳಿಂದ ದಿನಾ ಇಂಕ್ ಪೆನ್ನಿನಲ್ಲಿ ಚಿತ್ರ ಬಿಡಿಸುತ್ತಿದ್ದೇನೆ. ಎಲ್ಲೂ ಕಲಿತವನಲ್ಲ. ಗೆರೆ ಸ್ವಲ್ಪ ಸುಧಾರಿಸಿದೆ, ಆದರೆ ಯಾವ ಚಿತ್ರ ನೋಡಿದರೂ ಅಭ್ಯಾಸದ ಹಾಳೆಯ ಹಾಗೇ ಕಾಣುತ್ತದೆ. ಹವ್ಯಾಸಕ್ಕೆ ಬಿಡಿಸುವವರು ಹೇಗೆ ಅಭ್ಯಾಸ ಮಾಡುತ್ತೀರಿ? ಸ್ವಂತ ಪ್ರಾಜೆಕ್ಟ್ ಅಂತ ಏನಾದರೂ ಇಟ್ಟುಕೊಳ್ಳುತ್ತೀರಾ? ಪೆನ್ನು ಯಾವುದು, ಪೆನ್ಸಿಲ್ ಬೇಕಾ?

ನಾನೂ ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತೇನೆ. ಇಂಕಿನ ಚಿತ್ರ ಒಂಬತ್ತು ವರ್ಷದ ಹುಚ್ಚು. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಮೊದಲ ಎರಡು ವರ್ಷದ ನೋಟ್‌ಬುಕ್‌ಗಳು ನೆನಪಾದವು. ಪುಟ ಪುಟವೂ ಚೌಕಗಳು. ಒಂದು ಚೌಕದಲ್ಲಿ ಒತ್ತೊತ್ತಾಗಿ ಗೆರೆ, ಪಕ್ಕದ್ದರಲ್ಲಿ ಗೆರೆಯ ಮೇಲೆ ಅಡ್ಡಗೆರೆ, ಇನ್ನೊಂದರಲ್ಲಿ ಬರೀ ಚುಕ್ಕೆ. ನೋಡಲು ಬಹಳ ಅಚ್ಚುಕಟ್ಟು. ಒಂದು ದಿನ ಮೇಜಿನ ಮೇಲಿದ್ದ ಗಾಜಿನ ಲೋಟ ಬಿಡಿಸೋಣ ಅಂತ ಕೂತೆ. ಆಗಲೇ ಇಲ್ಲ. ಇಷ್ಟು ಬಗೆಯ ಗೆರೆ ಕಲಿತಿದ್ದೆ, ಯಾವುದು ಎಲ್ಲಿಗೆ ಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಮಗ್ಗಿ ಬಾಯಿಪಾಠ ಇತ್ತು, ಲೆಕ್ಕ ಬಿಡಿಸಲು ಬರುತ್ತಿರಲಿಲ್ಲ.

ಮೊದಲು ಪೆನ್ನಿನ ಮಾತು ಮುಗಿಸಿಬಿಡುತ್ತೇನೆ. ಇದರಲ್ಲೇ ಜನ ವರ್ಷಗಟ್ಟಲೆ ಕಳೆದುಹೋಗುತ್ತಾರೆ, ನಾನೂ ಹೋಗಿದ್ದೆ. ಪಿಗ್ಮೆಂಟ್ ಇಂಕಿನ (ನೀರಿನಲ್ಲಿ ಕರಗದ ಬಣ್ಣದ ಪುಡಿ ಇರುವ ಇಂಕು) ಫೈನ್‌ಲೈನರ್, ಅಂದರೆ ಸಣ್ಣ ಮೊನೆಯ ಪೆನ್ನು, ಎರಡು ಸಾಕು, ಒಂದು ಸಣ್ಣದು, ಒಂದು ದಪ್ಪದ್ದು. ಜೊತೆಗೆ ಕಪ್ಪು ತುಂಬುವುದಕ್ಕೆ ಒಂದು ಬ್ರಷ್ ಪೆನ್. ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ 1982ರಿಂದ ಇದೆ, ಬಹಳ ಜನ ಅದನ್ನೇ ಬಳಸುತ್ತಾರೆ. ಅದರ ಮೇಲಿನ ಅಂಕಿ ನೋಡಿ ಮೋಸ ಹೋಗಬೇಡಿ. 01 ಅಂದರೆ 0.1 ಮಿ.ಮೀ. ಅಲ್ಲ, 0.25 ಮಿ.ಮೀ. 05 ಅಂದರೆ 0.45, 08 ಅಂದರೆ 0.50. ಹಾಗಾಗಿ 05 ಮತ್ತು 08 ಎರಡನ್ನೂ ಕೊಳ್ಳುವುದರಲ್ಲಿ ಹೆಚ್ಚು ಅರ್ಥವಿಲ್ಲ, ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ. 01 ಮತ್ತು 08 ಇದ್ದರೆ ದೂರದ್ದು ತೆಳುವಾಗಿ, ಹತ್ತಿರದ್ದು ದಪ್ಪವಾಗಿ ಹೇಳಬಹುದು.

ಇಂಕಿನ ವಿಷಯದಲ್ಲಿ ನಾನು ಮಾಡಿದ ಎರಡು ಎಡವಟ್ಟು ಹೇಳುತ್ತೇನೆ, ನಿಮಗೆ ಉಳಿತಾಯ ಆಗಲಿ. ಒಂದು, ಒಳ್ಳೆಯ ಫೌಂಟನ್ ಪೆನ್ನಿಗೆ ಇಂಡಿಯನ್ ಇಂಕ್ ತುಂಬಿ ಅದನ್ನು ಕೊಂದೆ. ಇಂಡಿಯನ್ ಇಂಕ್ ಅಂದರೆ ಮೂಲದಲ್ಲಿ ದೀಪದ ಮಸಿ ಮತ್ತು ನೀರು. ಮಸಿ ಹಾಳೆಗೆ ಕಚ್ಚಿಕೊಳ್ಳಲಿ ಅಂತ ಅದಕ್ಕೆ ಅರಗು ಅಥವಾ ಅಂಥದ್ದೇ ಯಾವುದಾದರೂ ಅಂಟು ಸೇರಿಸಿರುತ್ತಾರೆ. ಅರಗು ಒಣಗಿದ ಮೇಲೆ ನೀರಿಗೆ ಕರಗಲ್ಲ. ಹಾಳೆಯ ಮೇಲೆ ಅದು ವರ, ಪೆನ್ನಿನ ಒಳಗೆ ಶಾಪ. ಅದನ್ನು ಅದ್ದಿ ಬರೆಯುವ ನಿಬ್ಬಿಗೋ ಬ್ರಷ್ಷಿಗೋ ಬಳಸಿ.

ಎರಡನೆಯದು ಇನ್ನೂ ಹೊಟ್ಟೆ ಉರಿಸಿದ್ದು. ತುಂಬಾ ಇಷ್ಟಪಟ್ಟು ಬಿಡಿಸಿದ ಒಂದು ಚಿತ್ರಕ್ಕೆ ಚೌಕಟ್ಟು ಹಾಕಿಸಿ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ್ದೆ. ಅದು ಮಾಮೂಲಿ ಬರೆಯುವ ಪೆನ್ನಿನ ಇಂಕು, ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಒಂದು ವರ್ಷ ದಾಟುವಷ್ಟರಲ್ಲಿ ತೆಳು ಗೆರೆಗಳೆಲ್ಲ ಮಾಸಿ ಬೂದು ಬಣ್ಣಕ್ಕೆ ತಿರುಗಿದವು. ದೊಡ್ಡವರಿಗೂ ಇದು ತಪ್ಪಿಲ್ಲ. ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಜೊಂಡಿನ ಲೇಖನಿಯಿಂದ ಬಿಡಿಸಿದ ಎಷ್ಟೋ ಚಿತ್ರಗಳು ಈಗ ಕಂದು ಬಣ್ಣಕ್ಕೆ ತಿರುಗಿವೆ. ನಾವು ಇವತ್ತು ನೋಡುತ್ತಿರುವುದು ಅವನು ಹಾಕಿದ ಬಣ್ಣವನ್ನಲ್ಲ. ಈಗ ಹೊಸ ಇಂಕು ಬಂದರೆ ನಾನು ಒಂದು ಪಟ್ಟಿಯ ಮೇಲೆ ಗೆರೆ ಎಳೆದು, ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ ಕಿಟಕಿಗೆ ಅಂಟಿಸುತ್ತೇನೆ. ಮೂರು ತಿಂಗಳು ಬಿಟ್ಟು ಬಿಚ್ಚಿ ನೋಡಿದರೆ ಇಂಕೇ ತನ್ನ ಜಾತಕ ಹೇಳುತ್ತದೆ.

ಕಾಗದದ ಬಗ್ಗೆ ಒಂದೇ ಮಾತು. ನುಣುಪಾಗಿರಲಿ, ದಪ್ಪಗಿರಲಿ. ಗೆರೆಯ ಅಂಚು ಕೂದಲು ಬಿಟ್ಟ ಹಾಗೆ ಹರಡಿದರೆ ತಪ್ಪು ನಿಮ್ಮ ಕೈಯದ್ದಲ್ಲ, ಹಾಳೆಯದ್ದು.

ಇನ್ನು ಅಭ್ಯಾಸ. ಬೆಳಿಗ್ಗೆ ಮನೆಯವರು ಏಳುವ ಮುಂಚೆ ಇಪ್ಪತ್ತೈದು ನಿಮಿಷ. ಅದಕ್ಕಿಂತ ಜಾಸ್ತಿ ಮಾಡಲು ಹೋದಾಗಲೆಲ್ಲ ಹತ್ತು ದಿನದಲ್ಲಿ ನಿಂತುಹೋಗಿದೆ. ಮೊದಲ ಐದು ನಿಮಿಷ ಬರೀ ಗೆರೆ. ಎರಡು ಚುಕ್ಕೆ ಇಟ್ಟು ಸೇರಿಸುವುದು. ಪೆನ್ನು ಹಾಳೆಗೆ ತಾಗಿಸುವ ಮುಂಚೆ ಗಾಳಿಯಲ್ಲೇ ಎರಡು ಸಲ ಆ ದಾರಿಯಲ್ಲಿ ಕೈ ಓಡಿಸಿ, ಮೂರನೇ ಸಲ ಇಳಿಸುತ್ತೇನೆ. ಸಣ್ಣ ಗೆರೆ ಬೆರಳಿನಿಂದ, ಉದ್ದ ಗೆರೆ ಭುಜದಿಂದ. ಮಣಿಕಟ್ಟಿನಿಂದ ಉದ್ದ ಗೆರೆ ಎಳೆದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ, ಎಷ್ಟು ಹುಷಾರಾಗಿದ್ದರೂ. ಕೈಗೆ ಒಗ್ಗದ ದಿಕ್ಕು ಬಂದರೆ ಕೈಯನ್ನು ತಿರುಚಬೇಡಿ, ಹಾಳೆ ತಿರುಗಿಸಿ. ನಾನು ಬಿಡಿಸುವುದನ್ನು ನೋಡಿದವರಿಗೆ ನಗು ಬರಬಹುದು, ಹಾಳೆ ಗಿರಗಿರ ಸುತ್ತುತ್ತಾ ಇರುತ್ತದೆ.

ಉಳಿದ ಇಪ್ಪತ್ತು ನಿಮಿಷ ಕಣ್ಣೆದುರಿಗಿರುವ ಒಂದು ವಸ್ತು, ನೇರ ಇಂಕಿನಲ್ಲಿ. ಪೆನ್ಸಿಲ್ ಬೇಕಾ ಅಂತ ಕೇಳಿದ್ದೀರಿ. ಅಭ್ಯಾಸಕ್ಕೆ ಬೇಡ, ಪ್ರಾಜೆಕ್ಟಿಗೆ ಬೇಕು. ಪೆನ್ಸಿಲ್ ಚಿತ್ರ ಪೂರ್ತಿ ಮಾಡಿಟ್ಟುಕೊಂಡು ಅದರ ಮೇಲೆ ಇಂಕು ಓಡಿಸಿದರೆ ನೀವು ವಸ್ತುವನ್ನು ನೋಡುವುದು ಬಿಟ್ಟು ಪೆನ್ಸಿಲ್ ಗೆರೆಯನ್ನು ನೋಡಲು ಶುರು ಮಾಡುತ್ತೀರಿ. ಗೆರೆ ಸತ್ತುಹೋಗುತ್ತದೆ. ನಿಮ್ಮ ಚಿತ್ರಗಳು ಅಭ್ಯಾಸದ ಹಾಳೆಯ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ. ನಾನು ಪೆನ್ಸಿಲ್ಲಿನಲ್ಲಿ ಜಾಗ ಮಾತ್ರ ಗುರುತು ಮಾಡಿಕೊಳ್ಳುತ್ತೇನೆ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಓರೆ, ಅಷ್ಟೇ. ಅಳಿಸುವುದು ಮರುದಿನ. ರಬ್ಬರ್ ಉಜ್ಜಿದಾಗ ಇಂಕಿನ ಕಪ್ಪೂ ಒಂದಿಷ್ಟು ಎದ್ದುಹೋಗುತ್ತದೆ. ಆಮೇಲೆ ಗಾಢ ಜಾಗಗಳಿಗೆ ಇನ್ನೊಂದು ಸುತ್ತು ಕೊಡಬೇಕು.

ನೇರ ಇಂಕಿನಲ್ಲಿ ತಪ್ಪಿದರೆ? ಸರಿಯಾದ ಗೆರೆಯನ್ನು ಪಕ್ಕದಲ್ಲೇ ಎಳೆಯಿರಿ. ಎರಡೂ ಇರಲಿ. ನೋಡುವವರ ಕಣ್ಣು ತಾನಾಗಿಯೇ ಸರಿಯಾದದ್ದನ್ನು ಹಿಡಿದುಕೊಳ್ಳುತ್ತದೆ. ತಪ್ಪು ಗೆರೆಯನ್ನು ಮುಚ್ಚಲು ಅದರ ಮೇಲೆ ಇನ್ನೂ ನಾಲ್ಕು ಗೆರೆ ಎಳೆದರೆ ಮಾತ್ರ ಅದೇ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತದೆ.

ಈ ಇಂಕಿನಾಟದಲ್ಲಿ ನನಗೆ ಬಹಳ ತಡವಾಗಿ ತಲೆಗೆ ಹೋದದ್ದು ಬಿಳಿಯ ವಿಷಯ. ಪೆನ್ಸಿಲ್ಲಿನವರಿಗೆ ರಬ್ಬರ್ ಇದೆ, ತೈಲವರ್ಣದವರಿಗೆ ಬಿಳಿ ಬಣ್ಣ ಇದೆ. ನಮಗಿರುವ ಬಿಳಿ ಹಾಳೆ ಒಂದೇ. ಒಮ್ಮೆ ಅದರ ಮೇಲೆ ಗೆರೆ ಬಿತ್ತೋ, ಅಲ್ಲಿನ ಬೆಳಕು ಹೋಯಿತು. (ಬಿಳಿ ಜೆಲ್ ಪೆನ್ ಇದೆ, ದಪ್ಪ ಹಾಳೆಯಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬಹುದು. ಎರಡೂ ಬ್ಯಾಂಡೇಜ್ ಇದ್ದ ಹಾಗೆ, ದೂರಕ್ಕೇ ಗೊತ್ತಾಗುತ್ತದೆ.) ಹಾಗಾಗಿ ಏನು ಬಿಡಿಸಬೇಕು ಅನ್ನುವುದಕ್ಕಿಂತ ಏನು ಬಿಡಬೇಕು ಅಂತ ಮೊದಲೇ ಗೊತ್ತಿರಬೇಕು. ದೊಡ್ಡ ಚಿತ್ರ ಶುರು ಮಾಡುವ ಮುಂಚೆ ನಾನು ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕದಲ್ಲಿ ಅದನ್ನೇ ಮಾಡಿ ನೋಡುತ್ತೇನೆ. ಮೂರೇ ಬಗೆ: ಪೂರ್ತಿ ಬಿಳಿ, ಪೂರ್ತಿ ಕಪ್ಪು, ನಡುವೆ ಒಂದು ಬೂದು. ಕಣ್ಣು ಅರ್ಧ ಮುಚ್ಚಿ ವಸ್ತುವನ್ನು ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಈ ಮೂರೇ ಉಳಿಯುತ್ತವೆ. ಆ ಪುಟ್ಟ ಚೌಕ ಚೆನ್ನಾಗಿ ಕಾಣದಿದ್ದರೆ ದೊಡ್ಡದೂ ಕಾಣಲ್ಲ. ಹತ್ತು ಗಂಟೆ ಗೆರೆ ಎಳೆದ ಮೇಲೆ ಇದು ಗೊತ್ತಾಗುವುದಕ್ಕಿಂತ ಐದು ನಿಮಿಷದಲ್ಲಿ ಗೊತ್ತಾಗುವುದು ಒಳ್ಳೆಯದಲ್ವಾ?

ಬೂದು ಬರಿಸುವುದಕ್ಕೆ ಹ್ಯಾಚಿಂಗ್, ಅಂದರೆ ಪಕ್ಕಪಕ್ಕದ ಗೆರೆ. ಇನ್ನೂ ಗಾಢ ಬೇಕಾದರೆ ಮೇಲೊಂದು ಪದರ ಅಡ್ಡ. ಆ ಎರಡನೇ ಪದರವನ್ನು ನೆಟ್ಟಗೆ ಅಡ್ಡ ಹಾಕಿದರೆ ಸೊಳ್ಳೆ ಪರದೆಯ ಹಾಗೆ ಕಾಣುತ್ತದೆ. ಸ್ವಲ್ಪವೇ ಓರೆ ಮಾಡಿ, ಮೂವತ್ತು ಡಿಗ್ರಿ ಆಸುಪಾಸು, ಹಿತವಾಗಿರುತ್ತದೆ. ಇದನ್ನು ಕಲಿಯಲು ಹಳೆಯ ಚಿತ್ರಗಳನ್ನು ನಕಲು ಮಾಡಿ, ನಾಚಿಕೆ ಬೇಡ. ಫ್ರಾಂಕ್ಲಿನ್ ಬೂತ್ ಅಂತ ಅಮೆರಿಕದ ಒಬ್ಬ ಕಲಾವಿದ ಇದ್ದ (1874–1948). ಹುಡುಗನಾಗಿದ್ದಾಗ ಪತ್ರಿಕೆಗಳಲ್ಲಿ ಬರುತ್ತಿದ್ದ ಮರದ ಅಚ್ಚಿನ ಚಿತ್ರಗಳನ್ನು ಪೆನ್ನಿನ ಚಿತ್ರಗಳು ಅಂತ ತಪ್ಪು ತಿಳಿದು, ಅದರಲ್ಲಿದ್ದ ಒಂದೊಂದು ಗೆರೆಯನ್ನೂ ಪೆನ್ನಿನಲ್ಲಿ ನಕಲು ಮಾಡುತ್ತಾ ಕಲಿತ. ಆ ತಪ್ಪಿನಿಂದಲೇ ಅವನಿಗೆ ಬೇರೆ ಯಾರಿಗೂ ಇಲ್ಲದ ಒಂದು ಶೈಲಿ ಬಂತು. ಚುಕ್ಕೆ ಇಟ್ಟು ಬಿಡಿಸುವ ಸ್ಟಿಪ್ಲಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಅಂಗೈ ಅಗಲದ ಒಂದು ಚಿಪ್ಪಿನ ಚಿತ್ರಕ್ಕೆ ಹನ್ನೊಂದು ಗಂಟೆ ಹಿಡಿಯಿತು, ಬೆರಳು ಮರಗಟ್ಟಿತು. ಚೆನ್ನಾಗಿ ಬಂತು, ಇನ್ನೊಂದು ಮಾಡಲಿಲ್ಲ.

ಅದ್ದಿ ಬರೆಯುವ ನಿಬ್ಬು ಯಾವಾಗ? ಫೈನ್‌ಲೈನರಿನ ಗೆರೆ ಒಂದೇ ದಪ್ಪ ಇರುವುದು ಬೇಸರ ಬಂದಾಗ. ನಿಬ್ಬಿನ ಬಾಯಿ ಸೀಳಿರುತ್ತದೆ, ಒತ್ತಿದರೆ ಅಗಲವಾಗಿ ಗೆರೆ ದಪ್ಪಗಾಗುತ್ತದೆ, ಬಿಟ್ಟರೆ ಕೂದಲೆಳೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನು ತೆಗೆಯದಿದ್ದರೆ ಇಂಕು ನಿಲ್ಲದೆ ಗುಂಡಗಾಗಿ ಜಾರುತ್ತದೆ. ಸ್ವಲ್ಪ ಟೂತ್‌ಪೇಸ್ಟ್ ಹಾಕಿ ಉಜ್ಜಿ ತೊಳೆದರೆ ಸಾಕು. ನಿಬ್ಬನ್ನು ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ. ತಳ್ಳಿದರೆ ಹಾಳೆಗೆ ಚುಚ್ಚಿಕೊಂಡು, ಚಿಮ್ಮಿ, ಚಿತ್ರದ ತುಂಬಾ ಸಿಡಿಯುತ್ತದೆ. ಸಾಮಾನ್ಯವಾಗಿ ಚಿತ್ರ ಮುಗಿಯಲು ಐದು ನಿಮಿಷ ಇರುವಾಗ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅಭ್ಯಾಸದ ಚಿತ್ರಗಳು ಅಭ್ಯಾಸದ ಹಾಗೇ ಕಾಣುತ್ತವೆ, ಯಾಕೆಂದರೆ ಪ್ರತಿ ದಿನವೂ ಹೊಸ ವಿಷಯ. ಇವತ್ತು ಬೆಕ್ಕು, ನಾಳೆ ಬಾಗಿಲು. ಒಂದರಲ್ಲಿ ಎಡವಿದ ಜಾಗಕ್ಕೆ ಇನ್ನೊಂದರಲ್ಲಿ ಮತ್ತೆ ಬರುವುದೇ ಇಲ್ಲ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ ಇಂಕ್‌ಟೋಬರ್ ನಿಮಗೆ ಗೊತ್ತಿರಬಹುದು, ಅಕ್ಟೋಬರ್‌ನಲ್ಲಿ ದಿನಕ್ಕೊಂದರಂತೆ 31 ಇಂಕಿನ ಚಿತ್ರ. ನಾನು ಮೂರು ವರ್ಷ ಮಾಡಿದೆ, ಒಂದು ಸಲ ಮಾತ್ರ ಮುಗಿಸಿದೆ. ದಿನಾ ಕೂರುವ ಅಭ್ಯಾಸ ಬೆಳೆಸಲು ಅದು ಒಳ್ಳೆಯದು. ಆದರೆ ನನ್ನ ಕಾಯಿಲೆ ಬೇರೆ ಇತ್ತು. ನನಗೆ ಬೇಕಿದ್ದದ್ದು 31 ವಿಷಯ ಅಲ್ಲ, ಒಂದೇ ವಿಷಯ 31 ಸಲ.

ಹಾಗೆ ಶುರುವಾದದ್ದು ಕುರ್ಚಿಗಳು. ಖಾಲಿ ಕುರ್ಚಿಗಳು, ನಲವತ್ತು. ಎಲ್ಲವೂ ಅಂಗೈ ಅಗಲದ ಹಾಳೆ, ಒಂದೇ ಪೆನ್ನು. ಕುರ್ಚಿಯನ್ನೇ ಯಾಕೆ ಆರಿಸಿಕೊಂಡೆ ಅಂದರೆ ನನಗೆ ಕಾಲುಗಳ ಲೆಕ್ಕ ಬರುತ್ತಿರಲಿಲ್ಲ, ನಾಲ್ಕರಲ್ಲಿ ಒಂದು ಯಾವಾಗಲೂ ಗಾಳಿಯಲ್ಲಿ ತೂಗುತ್ತಿತ್ತು. ಹನ್ನೆರಡನೇ ಕುರ್ಚಿಯ ಹೊತ್ತಿಗೆ ಬೇಸತ್ತು, ಕಾಲುಗಳನ್ನು ಬಿಟ್ಟು ಕಾಲುಗಳ ನಡುವಿನ ಖಾಲಿ ಜಾಗದ ಆಕಾರ ಬಿಡಿಸಲು ಹೋದೆ. ನಾಲ್ಕೂ ಕಾಲು ನೆಲಕ್ಕೆ ಇಳಿದವು! ಇದು ಎಲ್ಲ ಕಡೆ ಹೇಳಿಕೊಡುವ ಪಾಠವೇ. ನಾನು ಹತ್ತು ಸಲ ಓದಿದ್ದೆ ಕೂಡ. ಓದಿದ್ದು ಕೈಗೆ ಇಳಿಯಲು ಹನ್ನೆರಡು ಕುರ್ಚಿ ಬೇಕಾಯಿತು.

ಆಮೇಲೆ ಕಿಟಕಿಯಾಚೆಯ ಮರ. ವಾರಕ್ಕೊಂದು ಸಲ, ವರ್ಷ ಪೂರ್ತಿ, 52 ಚಿತ್ರ ಅಂತ ಲೆಕ್ಕ. 31ಕ್ಕೆ ನಿಂತಿತು. ಅಳುಕಿಲ್ಲದೆ ಹೇಳುತ್ತೇನೆ, ಅಷ್ಟಕ್ಕೇ ನನಗೆ ಬೇಕಾದದ್ದು ಸಿಕ್ಕಿತ್ತು. ಮೊದಲ ಎಂಟು ವಾರ ಎಲೆ ಎಲೆಯನ್ನೂ ಬಿಡಿಸಿದೆ. ಮರ ಉಣ್ಣೆಯ ಉಂಡೆಯ ಹಾಗೆ ಕಾಣುತ್ತಿತ್ತು. ಆ ಹೊತ್ತಿಗೆ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಬಿಡಿಸಿದ ನರಕೋಶಗಳ ಚಿತ್ರಗಳನ್ನು ನೋಡಿದೆ. ಸ್ಪೇನಿನ ವಿಜ್ಞಾನಿ, 1906ರಲ್ಲಿ ಕಮಿಲ್ಲೊ ಗಾಲ್ಜಿಯ ಜೊತೆ ನೊಬೆಲ್ ಹಂಚಿಕೊಂಡವನು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ತಾನೇ ಇಂಕಿನಲ್ಲಿ ಬಿಡಿಸುತ್ತಿದ್ದ. ಅವನು ಬಳಸಿದ ಗಾಲ್ಜಿಯ ಬಣ್ಣ ಹಾಕುವ ವಿಧಾನದಲ್ಲಿ ಒಂದು ವಿಚಿತ್ರ ಇದೆ. ಅದು ಎಲ್ಲ ಕೋಶಗಳಿಗೂ ಹಿಡಿಯಲ್ಲ, ಗುಂಪಿನಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ಹಿಡಿಯುತ್ತದೆ. ಹಿಡಿದವು ಬೇರಿನಿಂದ ತುದಿಯವರೆಗೆ ಕಪ್ಪಗೆ ಎದ್ದು ಕಾಣುತ್ತವೆ. ಎಲ್ಲವಕ್ಕೂ ಹಿಡಿದಿದ್ದರೆ ಬರೀ ಕಪ್ಪು ಮುದ್ದೆ, ಯಾರಿಗೂ ಏನೂ ಕಾಣುತ್ತಿರಲಿಲ್ಲ. ಒಂಬತ್ತನೇ ವಾರ ನಾನು ಮರದ ಮೂರೇ ಕಡೆ ಎಲೆ ಬಿಡಿಸಿದೆ, ಬಿಸಿಲು ಮುಗಿದು ನೆರಳು ಶುರುವಾಗುವ ಅಂಚುಗಳಲ್ಲಿ. ಉಳಿದದ್ದು ಬಿಳಿ. ಮರ ಮೊದಲ ಸಲ ಮರದ ಹಾಗೆ ಕಂಡಿತು.

ಬೀದಿ ದೀಪದಲ್ಲಿ ರಾತ್ರಿಯ ಮನೆಗಳು ಅಂತ ಇನ್ನೊಂದು ಮಾಡಿದೆ. ಅಂಚಿನ ಗೆರೆಯೇ ಇಲ್ಲ, ಬ್ರಷ್ಷಿನಲ್ಲಿ ಕಪ್ಪು ಮಾತ್ರ. ಅದಕ್ಕೆ ಗುರು ಇಂಗ್ಲೆಂಡಿನ ಚಿತ್ರಕಾರ ಆಬ್ರೆ ಬಿಯರ್ಡ್ಸ್‌ಲಿ. 1898ರಲ್ಲಿ 25ನೇ ವಯಸ್ಸಿಗೇ ಹೋಗಿಬಿಟ್ಟ, ಆದರೆ ಕಪ್ಪನ್ನು ಅಷ್ಟು ಧೈರ್ಯವಾಗಿ ಸುರಿದವರು ಕಡಿಮೆ. ನನ್ನದು ಹದಿನಾಲ್ಕರಲ್ಲಿ ನಾಲ್ಕು ಪರವಾಗಿಲ್ಲ.

ನಾಲ್ಕನೆಯದು ಅಪ್ಪನ ಸಲಕರಣೆಯ ಪೆಟ್ಟಿಗೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಅನಿಸುತ್ತದೆ. ಅಪ್ಪ ಕೆಲಸ ಬಿಟ್ಟು ಕೂತ ಮೇಲೆ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು. ಸುತ್ತಿಗೆ, ಉಳಿ, ಅರ, ಸ್ಪ್ಯಾನರ್, ಇಕ್ಕಳ, ಒಟ್ಟು ಮೂವತ್ತಾರು ವಸ್ತು. ಎಲ್ಲವನ್ನೂ ಇರುವ ಅಳತೆಯಲ್ಲೇ ಬಿಡಿಸುವುದು ಅಂತ ನಿಯಮ. ನನ್ನ ಕಷ್ಟ ಇದ್ದದ್ದು ವಸ್ತುಗಳ ಮೈಯ ಗುಣದಲ್ಲಿ. ಮರದ ಹಿಡಿ, ಉಕ್ಕು, ತುಕ್ಕು, ಮೂರೂ ನನ್ನ ಕೈಯಲ್ಲಿ ಒಂದೇ ಥರ ಬರುತ್ತಿತ್ತು. ಒಂದೇ ಕಪ್ಪಿನಲ್ಲಿ ಮೂರನ್ನೂ ಬೇರೆ ಮಾಡಿ ತೋರಿಸಬೇಕು. ನಿಧಾನಕ್ಕೆ ಗೊತ್ತಾಯಿತು. ಹೊಳೆಯುವ ಉಕ್ಕಿನಲ್ಲಿ ಬಿಳಿಯ ಪಕ್ಕದಲ್ಲೇ ಕಪ್ಪು ಇರುತ್ತದೆ, ನಡುವೆ ಬೂದು ಇಲ್ಲವೆನ್ನುವಷ್ಟು ಕಡಿಮೆ. ತುಕ್ಕಿಗೆ ಹೊಳಪೇ ಇಲ್ಲ, ಅಲ್ಲಿ ಬರೀ ಬೂದು, ದಿಕ್ಕಿಲ್ಲದ ಸಣ್ಣ ಚುಕ್ಕೆ ಗೀರುಗಳು. ಮರದ ಹಿಡಿಗೆ ಉದ್ದುದ್ದ ಮುರಿದ ಗೆರೆ, ಕೈ ಹಿಡಿದು ಹಿಡಿದು ನುಣುಪಾದ ಕಡೆ ಏನೂ ಇಲ್ಲ, ಹಾಳೆ ಬಿಟ್ಟುಬಿಡುವುದು.

ಇಕ್ಕಳದ ಚಿತ್ರ ಬಹಳ ಚೆನ್ನಾಗಿ ಬಂತು ಅಂತ ನನಗೆ ಜಂಬ. ತುಕ್ಕೂ ಇತ್ತು, ಹೊಳಪೂ ಇತ್ತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

“ಇದು ನಮ್ಮ ಇಕ್ಕಳ ಅಲ್ಲ. ಇದನ್ನ ಒತ್ತಿದರೆ ಬಾಯಿ ಬಿಡುತ್ತೆ, ಮುಚ್ಚಲ್ಲ.”

ನನಗೆ ಅರ್ಥವಾಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು. ಇಕ್ಕಳದ ಎಡಗಡೆಯ ಹಿಡಿ ಕೀಲಿನ ಹತ್ತಿರ ದಾಟಿ ಬಲಗಡೆಯ ದವಡೆ ಆಗುತ್ತದೆ, ಬಲಗಡೆಯದ್ದು ಎಡದ ದವಡೆ. ನಾನು ದಾಟಿಸಿರಲೇ ಇಲ್ಲ. ಎಡದ ಹಿಡಿ ನೆಟ್ಟಗೆ ಮೇಲೆ ಹೋಗಿ ಎಡದ ದವಡೆಯೇ ಆಗಿತ್ತು. (ಒತ್ತಿದರೆ ಬಾಯಿ ತೆರೆಯುವ ಇಕ್ಕಳವೂ ಇದೆ, ಯಂತ್ರಗಳಲ್ಲಿರುವ ಸರ್ಕ್ಲಿಪ್ ಅನ್ನುವ ಉಕ್ಕಿನ ಬಳೆ ಬಿಚ್ಚುವುದಕ್ಕೆ. ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಅದಲ್ಲ.) ಅಷ್ಟು ಹೊತ್ತು ಅದರ ಮುಂದೆ ಕೂತಿದ್ದೆ, ತುಕ್ಕಿನ ಒಂದೊಂದು ಚುಕ್ಕೆ ನೋಡಿದ್ದೆ, ಇಕ್ಕಳವನ್ನೇ ನೋಡಿರಲಿಲ್ಲ.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ನೆನಪಾದ. 1515ರಲ್ಲಿ ಭಾರತದಿಂದ ಹಡಗಿನಲ್ಲಿ ಲಿಸ್ಬನ್‌ಗೆ ಒಂದು ಘೇಂಡಾಮೃಗ ಹೋಯಿತು. ಡ್ಯೂರರ್ ಇದ್ದದ್ದು ನ್ಯೂರೆಂಬರ್ಗ್‌ನಲ್ಲಿ, ಪ್ರಾಣಿಯನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದ ವರ್ಣನೆ, ಒಂದು ಗೀಚು ಚಿತ್ರ ಇಟ್ಟುಕೊಂಡು ಪೆನ್ನು ಇಂಕಿನಲ್ಲಿ ಬಿಡಿಸಿದ, ಆಮೇಲೆ ಮರದ ಅಚ್ಚು ಮಾಡಿಸಿದ. ಮೈಯ ಮೇಲೆ ಯೋಧನ ಕವಚದಂಥ ತಗಡು, ಬೆನ್ನಿನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು. ಗೆರೆ ಎಷ್ಟು ಅದ್ಭುತ ಅಂದರೆ ಯುರೋಪಿನ ಜನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಂಬಿದರು. ಅವನಿಗಾದರೂ ಪ್ರಾಣಿ ಎದುರಿಗಿರಲಿಲ್ಲ ಅನ್ನುವ ನೆಪ ಇತ್ತು. ನನ್ನ ಇಕ್ಕಳ ಮೂಗಿನ ಕೆಳಗೇ ಇತ್ತು.

ಹಾಗಾಗಿ ನಿಮಗೆ ನಾನು ಹೇಳುವುದು ಇಷ್ಟು. ದಿನಾ ಬಿಡಿಸುವುದನ್ನು ನಿಲ್ಲಿಸಬೇಡಿ. ಅದರ ಪಕ್ಕದಲ್ಲಿ ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳಿ, ಹದಿನೈದಿಪ್ಪತ್ತು ಚಿತ್ರದ್ದು, ನೂರು ಬೇಡ. ಒಂದೇ ಅಳತೆ, ಒಂದೋ ಎರಡೋ ಪೆನ್ನು. ವಿಷಯ ಚೆಂದ ಇದೆಯಾ ಅಂತ ನೋಡಬೇಡಿ, ನಿಮಗೆ ಎಲ್ಲಿ ತಪ್ಪುತ್ತದೋ ಅಲ್ಲಿಗೇ ಪದೇ ಪದೇ ಕರೆದುಕೊಂಡು ಹೋಗುವ ವಿಷಯ ಹುಡುಕಿ. ಫೋಟೋ ನೋಡಿ ಬಿಡಿಸುವುದಕ್ಕೆ ನನ್ನ ತಕರಾರಿಲ್ಲ, ಆದರೆ ಫೋಟೋವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಆಗಲ್ಲ. ಸಾಧ್ಯವಾದರೆ, ಆ ವಸ್ತುವನ್ನು ದಿನಾ ಬಳಸಿದ ಒಬ್ಬರಿಗೆ ತೋರಿಸಿ. ಚಿತ್ರ ಗೊತ್ತಿರುವವರು ನಿಮ್ಮ ಗೆರೆಯನ್ನು ನೋಡುತ್ತಾರೆ. ಇವರು ಇಕ್ಕಳವನ್ನು ನೋಡುತ್ತಾರೆ.

ಇಕ್ಕಳವನ್ನು ಮತ್ತೆ ಬಿಡಿಸಿದೆ. ಈ ಸಲ ಮೊದಲ ಅರ್ಧ ಗಂಟೆ ಪೆನ್ನು ಮುಟ್ಟಲಿಲ್ಲ. ಸುಮ್ನೆ ತೆಗೆದೆ, ಮುಚ್ಚಿದೆ, ತೆಗೆದೆ, ಮುಚ್ಚಿದೆ. ಯಾವ ತುಂಡು ಮೇಲೆ ಹೋಗುತ್ತದೆ, ಎಲ್ಲಿ ಉಜ್ಜಿ ಸವೆದಿದೆ, ಎಲ್ಲಿ ಬಿಗಿ ಇದೆ ಅಂತ ಕೈಗೆ ತಿಳಿಯಿತು. ಎರಡನೆಯದೂ ಸರಿಬರಲಿಲ್ಲ, ಕೀಲು ದೊಡ್ಡದಾಯಿತು. ಮೂರನೆಯದನ್ನು ಅಪ್ಪನ ಮುಂದೆ ಇಟ್ಟೆ. ತುಂಬಾ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಹಾಳೆಯ ಮೇಲೆ ಕೀಲಿನ ಜಾಗವನ್ನು ಒಮ್ಮೆ ಸವರಿದರು, ಆಮೇಲೆ ಬೆರಳಿಗೆ ಮಸಿ ಹತ್ತಿತಾ ಅಂತ ನೋಡಿಕೊಂಡರು.

“ಬಿಗಿಯಾಗಿದೆ,” ಅಂದರು. “ಎಣ್ಣೆ ಬಿಡಬೇಕಿತ್ತು.”